ಬ್ಲಾಕ್ ಆಟಕ್ಕೆ ಟೇಬಲ್ ಟೆನಿಸ್ ಬ್ಯಾಟ್ ಆರಿಸುವ ಬಗೆ

"ನನ್ನದು ಬ್ಲಾಕ್ ಆಟ, ಯಾವ ರಬ್ಬರ್ ಹಾಕಿಸಲಿ?" ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಒಂದು ರಬ್ಬರಿನ ಹೆಸರು ಹೇಳಿ ಮುಗಿಸಿದರೆ ಅದು ಉತ್ತರವಾಗುವುದಿಲ್ಲ. ಬ್ಲಾಕ್ ಎಂಬ ಒಂದೇ ಹೆಸರಿನಡಿ ಮೂರ್ನಾಲ್ಕು ಬಗೆಯ ಆಟಗಳಿದ್ದು, ಒಂದಕ್ಕೆ ಒಗ್ಗುವ ಬ್ಯಾಟ್ ಇನ್ನೊಂದನ್ನು ಕೆಡಿಸಬಲ್ಲದು. ಆದ್ದರಿಂದ ಈ ಲೇಖನದಲ್ಲಿ ಹೆಸರುಗಳಿಗಿಂತ ಮೊದಲು ಕಾರಣಗಳನ್ನು ಹೇಳಿದ್ದೇನೆ. ಕಾರಣ ಗೊತ್ತಿದ್ದವರು ಅಂಗಡಿಯಲ್ಲಿ ಯಾವ ಕಂಪನಿಯ ಸರಕು ಸಿಕ್ಕಿದರೂ ತಮಗೆ ಬೇಕಾದುದನ್ನು ಆರಿಸಿಕೊಳ್ಳಬಲ್ಲರು.

ನನ್ನ ಮುಖ್ಯ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬ್ಲಾಕ್ ಆಡುವವರಿಗೆ ವೇಗ ಕೊಡುವವನು ಎದುರಾಳಿ. ಬ್ಯಾಟ್ ಕೊಡಬೇಕಾದದ್ದು ಭರವಸೆ. ಒಂದೇ ರೀತಿ ಹಿಡಿದರೆ ಪ್ರತಿ ಸಲವೂ ಒಂದೇ ರೀತಿ ಚೆಂಡು ಮರಳಬೇಕು. ನಮ್ಮ ಕ್ಲಬ್ಬುಗಳಲ್ಲಿ ಬ್ಲಾಕ್ ಆಡುವ ಬಹುಪಾಲು ಮಂದಿಯ ಕೈಯಲ್ಲಿರುವ ಬ್ಯಾಟ್ ಅವರ ಆಟಕ್ಕೆ ಬೇಕಾದುದಕ್ಕಿಂತ ವೇಗದ್ದು, ಏಕೆಂದರೆ ಅವರು ಅದನ್ನು ಆರಿಸಿದ್ದು ಟಿವಿಯಲ್ಲಿ ಕಂಡ ಆಕ್ರಮಣಕಾರಿ ಆಟಗಾರರನ್ನು ನೋಡಿ.

ಮೊದಲು ಕೆಲವು ಪದಗಳು

ಎದುರಾಳಿಯ ರಭಸದ ಹೊಡೆತವನ್ನು ಟೇಬಲ್ಲಿನ ಹತ್ತಿರವೇ ನಿಂತು, ಚೆಂಡು ಪುಟಿದು ಮೇಲೇಳುತ್ತಿರುವಾಗಲೇ, ಬ್ಯಾಟನ್ನು ಹೆಚ್ಚು ಬೀಸದೆ ಅಡ್ಡ ಹಿಡಿದು ಮರಳಿಸುವುದು ಬ್ಲಾಕ್. ಚೆಂಡು ಮುಂದಕ್ಕೆ ಉರುಳುವ ದಿಕ್ಕಿನಲ್ಲಿ ತಿರುಗುತ್ತ ಬಂದರೆ ಟಾಪ್‌ಸ್ಪಿನ್, ಹಿಂದಕ್ಕೆ ಉರುಳುವಂತೆ ತಿರುಗುತ್ತ ಬಂದರೆ ಬ್ಯಾಕ್‌ಸ್ಪಿನ್. ಭಾರೀ ಟಾಪ್‌ಸ್ಪಿನ್ ಹೊಡೆತಕ್ಕೆ ಲೂಪ್ ಎನ್ನುತ್ತಾರೆ.

ಬ್ಯಾಟಿನ ಮರದ ಭಾಗ ಬ್ಲೇಡ್. ನಮ್ಮಲ್ಲಿ ಅನೇಕರು ಅದನ್ನು ಪ್ಲೈ ಎಂದೇ ಕರೆಯುತ್ತಾರೆ. ಅದರ ಎರಡೂ ಬದಿಗೆ ಅಂಟಿಸುವ ಹಾಳೆ ರಬ್ಬರ್. ಈ ಹಾಳೆಯಲ್ಲಿ ಸಾಮಾನ್ಯವಾಗಿ ಎರಡು ಪದರಗಳಿರುತ್ತವೆ: ಚೆಂಡಿಗೆ ತಾಗುವ ಮೇಲ್ಪದರ, ಮತ್ತು ಅದರ ಕೆಳಗಿನ ಸ್ಪಂಜು. ಮೇಲ್ಪದರದ ಒಂದು ಮುಖ ನುಣುಪಾಗಿರುತ್ತದೆ, ಇನ್ನೊಂದು ಮುಖದಲ್ಲಿ ಮೊಗ್ಗಿನಂಥ ಸಣ್ಣ ಉಬ್ಬುಗಳಿರುತ್ತವೆ. ಈ ಉಬ್ಬುಗಳೇ ಪಿಂಪಲ್. ಉಬ್ಬುಗಳು ಒಳಮುಖವಾಗಿದ್ದು ನುಣುಪು ಮುಖ ಹೊರಗಿದ್ದರೆ ಅದು ಇನ್ವರ್ಟೆಡ್ ರಬ್ಬರ್. ಈ ಲೇಖನದಲ್ಲಿ ನಯ ರಬ್ಬರ್ ಎಂದಿದ್ದೇನೆ. ಉಬ್ಬುಗಳು ಹೊರಗಿದ್ದರೆ ಪಿಂಪಲ್ ರಬ್ಬರ್. ಅದರಲ್ಲಿ ಗಿಡ್ಡ ಉಬ್ಬಿನದು ಶಾರ್ಟ್ ಪಿಂಪಲ್, ಉದ್ದ ಉಬ್ಬಿನದು ಲಾಂಗ್ ಪಿಂಪಲ್.

ಹಂತ 1: ನಿಮ್ಮ ಬ್ಲಾಕ್ ಯಾವ ಬಗೆಯದೆಂದು ಗುರುತಿಸಿ

ಅಂಗಡಿಗೆ ಹೋಗುವ ಮೊದಲು ಎರಡು ಮೂರು ಆಟಗಳಲ್ಲಿ ನಿಮ್ಮನ್ನೇ ಗಮನಿಸಿಕೊಳ್ಳಿ, ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಸಿ ನೋಡಿ. ಬ್ಯಾಟನ್ನು ಸುಮ್ಮನೆ ಹಿಡಿದು ಎದುರಾಳಿಯ ವೇಗವನ್ನು ನುಂಗಿ ಚೆಂಡನ್ನು ಚಿಕ್ಕದಾಗಿ, ಅಂದರೆ ನೆಟ್ಟಿನ ಹತ್ತಿರವೇ, ಇಳಿಸುವವರು ನೀವಾದರೆ ನಿಮ್ಮದು ಶಾಂತ ಬ್ಲಾಕ್. ಚೆಂಡು ತಾಗುವ ಗಳಿಗೆಯಲ್ಲಿ ಮುಂಗೈಯಿಂದ ಗುದ್ದಿ ವೇಗ ಸೇರಿಸುವವರಾದರೆ ಅದು ಪಂಚ್ ಬ್ಲಾಕ್. ತಾಗುವಾಗ ಬ್ಯಾಟನ್ನು ಕೆಳಕ್ಕೆ ಅಥವಾ ಪಕ್ಕಕ್ಕೆ ಸರ್ರನೆ ಎಳೆದು ಚೆಂಡಿನ ಓಟವನ್ನು ತಿರುಚುವವರೂ ಇದ್ದಾರೆ. ಕೆಳಕ್ಕೆ ಎಳೆದರೆ ಚಾಪ್ ಬ್ಲಾಕ್, ಪಕ್ಕಕ್ಕೆ ಎಳೆದರೆ ಸೈಡ್‌ಸ್ಪಿನ್ ಬ್ಲಾಕ್.

ಇದರ ಜೊತೆಗೆ ಇನ್ನೊಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಿ: ಪಾಯಿಂಟ್ ನಿಮಗೆ ಹೇಗೆ ಬರುತ್ತದೆ? ಎದುರಾಳಿ ತಪ್ಪು ಮಾಡಿ ಬರುತ್ತದೆಯೋ, ಬ್ಲಾಕಿನ ನಂತರ ಎತ್ತರಕ್ಕೆ ಬಂದ ಚೆಂಡನ್ನು ನೀವು ಫೋರ್‌ಹ್ಯಾಂಡಿನಿಂದ ಹೊಡೆದು ಮುಗಿಸಿ ಬರುತ್ತದೆಯೋ? ಮುಗಿಸುವ ಹೊಡೆತ ಇರುವವರಿಗೆ ಫೋರ್‌ಹ್ಯಾಂಡ್ ಬದಿಯ ರಬ್ಬರ್ ಬೇರೆ ಬೇಕು. ಆ ಹೊಡೆತವೇ ಇಲ್ಲದವರು ಅದಿದೆ ಎಂಬ ಭಾವನೆಯಲ್ಲಿ ರಬ್ಬರ್ ಕೊಂಡರೆ, ಆ ರಬ್ಬರ್ ಹತ್ತು ಬ್ಲಾಕುಗಳಲ್ಲಿ ಎರಡನ್ನೋ ಮೂರನ್ನೋ ಟೇಬಲ್ಲಿನಾಚೆ ಕಳಿಸುತ್ತದೆ.

ಹಂತ 2: ಬ್ಲೇಡ್ ಆರಿಸಿ

ಟೇಬಲ್ಲಿನ ಉದ್ದ 2.74 ಮೀಟರ್. ಬ್ಲಾಕ್ ಆಡುವವರು ಅಂಚಿಗೆ ಅಂಟಿಕೊಂಡೇ ನಿಲ್ಲುವುದರಿಂದ ಚೆಂಡು ತಾಗುವುದು ಟೇಬಲ್ಲಿನ ಮೇಲೆಯೇ ಅಥವಾ ಅಂಚಿನ ಹತ್ತಿರ. ಹಿಂದೆ ಸರಿದು ಆಡುವವರಿಗೆ ಚೆಂಡು ಇಳಿಯಲು ಸಿಗುವ ದೂರ ನಿಮಗೆ ಸಿಗುವುದಿಲ್ಲ. ಹೀಗಾಗಿ ಬ್ಲೇಡ್ ಸ್ವಲ್ಪ ನಿಧಾನದ್ದಾದಷ್ಟೂ ಒಳ್ಳೆಯದು.

ಬ್ಲೇಡುಗಳ ಪೆಟ್ಟಿಗೆಯ ಮೇಲೆ ಡಿಇಎಫ್, ಆಲ್, ಆಫ್ ಮೈನಸ್, ಆಫ್ ಎಂಬಂತೆ ದರ್ಜೆ ನಮೂದಾಗಿರುತ್ತದೆ. ಡಿಇಎಫ್ ಎಂದರೆ ರಕ್ಷಣಾತ್ಮಕ, ಆಲ್ ಎಂದರೆ ಎಲ್ಲ ಬಗೆಯ ಆಟಕ್ಕೆ, ಆಫ್ ಎಂದರೆ ಆಕ್ರಮಣಕ್ಕೆ. ಈ ದರ್ಜೆಗಳನ್ನು ಆಯಾ ಕಂಪನಿಗಳು ತಮ್ಮ ತಮ್ಮ ಅಳತೆಯಲ್ಲಿ ಕೊಡುತ್ತವೆ. ಒಂದು ಕಂಪನಿಯ ಆಲ್ ಇನ್ನೊಂದರ ಆಫ್ ಮೈನಸ್‌ಗೆ ಸಮನಾಗಿರಬಹುದು. ಒಂದೇ ಕಂಪನಿಯ ಎರಡು ಬ್ಲೇಡುಗಳನ್ನು ಹೋಲಿಸಲು ಮಾತ್ರ ಇದು ಉಪಯುಕ್ತ.

ಬ್ಲಾಕ್ ಕಲಿಯುತ್ತಿರುವವರಿಗೂ, ಶಾಂತ ಬ್ಲಾಕ್ ಆಡುವ ಹೆಚ್ಚಿನವರಿಗೂ ನನ್ನ ಸಲಹೆ ಐದು ಪದರದ, ಪೂರ್ತಿ ಮರದ, ಆಲ್ ದರ್ಜೆಯ ಬ್ಲೇಡ್. ಸ್ಟಿಗಾ ಕಂಪನಿಯ ಆಲ್‌ರೌಂಡ್ ಕ್ಲಾಸಿಕ್, ಡೋನಿಕ್ ಕಂಪನಿಯ ಆಪಲ್‌ಗ್ರೆನ್ ಆಲ್‌ಪ್ಲೇ ಇಂಥವು. ಇದಕ್ಕಿಂತ ಒಂದು ಮೆಟ್ಟಿಲು ಚುರುಕಾದುದು ಬೇಕಿದ್ದರೆ ಯಾಸಾಕಾ ಸ್ವೀಡನ್ ಎಕ್ಸ್‌ಟ್ರಾ ಇದೆ. ಇವುಗಳಲ್ಲಿ ಚೆಂಡು ತಾಗಿದ್ದು ಅಂಗೈಗೆ ತಿಳಿಯುತ್ತದೆ, ಮತ್ತು ಆ ಅರಿವೇ ಮುಂದಿನ ಬ್ಲಾಕಿನ ಕೋನವನ್ನು ತಿದ್ದುತ್ತದೆ.

ಪಂಚ್ ಬ್ಲಾಕ್ ಆಡುವವರಿಗೆ ಏಳು ಪದರದ ಮರದ ಬ್ಲೇಡ್ ಹೊಂದುತ್ತದೆ. ಸ್ಟಿಗಾ ಕ್ಲಿಪ್ಪರ್ ವುಡ್ ಇದರಲ್ಲಿ ಬಹಳ ಹಳೆಯ, ಪರಿಚಿತ ಹೆಸರು. ಪದರಗಳು ಹೆಚ್ಚಾದಂತೆ ಬ್ಲೇಡ್ ಬಿಗಿಯಾಗಿ ಬಾಗುವುದು ಕಡಿಮೆಯಾಗುತ್ತದೆ. ಭಾರೀ ಲೂಪ್ ಬಂದು ತಾಗಿದಾಗ ಅದು ಕೈಯಲ್ಲಿ ಅದುರುವುದಿಲ್ಲ, ಗುದ್ದಿದ ಚೆಂಡು ನೇರ ಗೆರೆಯಲ್ಲಿ ಹೋಗುತ್ತದೆ. ಇದರ ಬೆಲೆ ತೂಕ. ಏಳು ಪದರದ ಬ್ಲೇಡುಗಳು ಸಾಮಾನ್ಯವಾಗಿ ಭಾರ, ಮತ್ತು ಭಾರದ ವಿಷಯವನ್ನು ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ.

ಕಾರ್ಬನ್ ಪದರವಿರುವ ಬ್ಲೇಡಿನ ಬಗ್ಗೆಯೂ ಬಹಳ ಮಂದಿ ಕೇಳುತ್ತಾರೆ. ಕಾರ್ಬನ್ ಇದ್ದರೆ ಬ್ಲೇಡಿನ ನಡುಭಾಗದಾಚೆ ತಾಗಿದ ಚೆಂಡೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಮರಳುತ್ತದೆ ಎಂಬುದು ನಿಜ, ಮತ್ತು ಬ್ಲಾಕಿಗೆ ಅದು ಒಳ್ಳೆಯ ಗುಣವೇ. ಆದರೆ ಅದರೊಂದಿಗೆ ಬರುವ ವೇಗ ಶಾಂತ ಬ್ಲಾಕನ್ನು ಕಷ್ಟವಾಗಿಸುತ್ತದೆ. ಮರದ ಬ್ಲೇಡಿನಲ್ಲಿ ಚೆಂಡನ್ನು ನೆಟ್ಟಿನ ಹತ್ತಿರ ಇಳಿಸಲು ಬಂದ ನಂತರವೇ ಕಾರ್ಬನ್ ಯೋಚಿಸಿ. ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ಶೇ 85ರಷ್ಟಾದರೂ ಸಹಜ ಮರವೇ ಇರಬೇಕು. ಹೆಸರುವಾಸಿ ಕಂಪನಿಗಳ ಕಾರ್ಬನ್ ಬ್ಲೇಡುಗಳು ಇದರೊಳಗೇ ಇರುತ್ತವೆ.

ಎಚ್ಚರಿಕೆ: ಎರಡೂ ರಬ್ಬರ್ ಅಂಟಿಸಿಯೇ ಸಿದ್ಧವಾಗಿ ಸಿಗುವ ಅಗ್ಗದ ಬ್ಯಾಟುಗಳ ಮೇಲಿನ ನಕ್ಷತ್ರಗಳನ್ನು ನಂಬಿ ಕೊಳ್ಳಬೇಡಿ. ಸ್ಪಂಜು ಎಷ್ಟು ದಪ್ಪ, ಎಷ್ಟು ಗಟ್ಟಿ ಎಂಬುದನ್ನು ಅವುಗಳ ಮೇಲೆ ಬಹುಪಾಲು ಬರೆದಿರುವುದಿಲ್ಲ, ಮತ್ತು ರಬ್ಬರ್ ಕಿತ್ತು ಬೇರೆ ಹಾಕಲು ಹೋದರೆ ಮರದ ಪದರವೂ ಕಿತ್ತು ಬರುವುದುಂಟು. ಬ್ಲೇಡ್ ಮತ್ತು ರಬ್ಬರನ್ನು ಬೇರೆ ಬೇರೆಯಾಗಿ ಕೊಳ್ಳುವುದೇ ಸರಿ.

ಹಂತ 3: ನಯ ರಬ್ಬರ್ ಮತ್ತು ಅದರ ಸ್ಪಂಜು

ಬ್ಲಾಕ್ ಆಡುವವರು ಹೆಚ್ಚು ತಪ್ಪು ಮಾಡುವುದು ಇಲ್ಲಿ, ಹಾಗಾಗಿ ತುಸು ನಿಧಾನವಾಗಿ ಓದಿ.

ಟಾಪ್‌ಸ್ಪಿನ್ ಚೆಂಡು ನಯ ರಬ್ಬರಿಗೆ ತಾಗಿದಾಗ ಮೇಲ್ಪದರ ಅದನ್ನು ಹಿಡಿಯುತ್ತದೆ, ತಿರುಗುತ್ತಿದ್ದ ಚೆಂಡು ಆ ಹಿಡಿತದಿಂದಾಗಿ ಮೇಲಕ್ಕೆ ಜಿಗಿಯುತ್ತದೆ. ಬ್ಯಾಟನ್ನು ನೆಟ್ಟಗೆ ಹಿಡಿದು ಬ್ಲಾಕ್ ಮಾಡಿದರೆ ಚೆಂಡು ಆಕಾಶಕ್ಕೆ ಹೋಗುವುದು ಇದೇ ಕಾರಣಕ್ಕೆ, ಮತ್ತು ಬ್ಯಾಟಿನ ಮುಖವನ್ನು ಕೆಳಕ್ಕೆ ಬಾಗಿಸಬೇಕಾದದ್ದೂ ಇದೇ ಕಾರಣಕ್ಕೆ. ಹಿಡಿತ ಹೆಚ್ಚಾದಷ್ಟೂ ಜಿಗಿತ ಹೆಚ್ಚು. ಜಿಗಿತ ಹೆಚ್ಚಾದಷ್ಟೂ ಎದುರಾಳಿಯ ಸ್ಪಿನ್ ಎಷ್ಟಿದೆ ಎಂದು ನೀವು ನಿಖರವಾಗಿ ಅಂದಾಜಿಸಬೇಕಾಗುತ್ತದೆ. ಬಟರ್‌ಫ್ಲೈ ಕಂಪನಿಯು 2008ರಲ್ಲಿ ತಂದ ಟೆನರ್ಜಿಯಂಥ ಇಂದಿನ ರಬ್ಬರುಗಳು ಲೂಪ್ ಹೊಡೆಯಲು ಅತ್ಯುತ್ತಮ. ಬ್ಲಾಕ್ ಮಾಡುವಾಗ ಅದೇ ಗುಣ ತಿರುಗಿ ನಿಮಗೇ ತೊಡಕಾಗುತ್ತದೆ.

ಹಾಗಾಗಿ ಬ್ಲಾಕ್ ಆಡುವ ಬದಿಗೆ ಮಧ್ಯಮ ಹಿಡಿತದ ಹಳೆಯ ಮಾದರಿಯ ರಬ್ಬರುಗಳನ್ನೇ ನಾನು ಹೇಳುವುದು. ಯಾಸಾಕಾ ಮಾರ್ಕ್ ಫೈವ್, ಬಟರ್‌ಫ್ಲೈ ಸ್ರೈವರ್ ಎರಡೂ 1960ರ ದಶಕದವು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜನ ಇವುಗಳಲ್ಲಿ ಆಡಿರುವುದಕ್ಕೆ ಕಾರಣ ಇವುಗಳ ನಡತೆ ಊಹೆಗೆ ಸಿಗುತ್ತದೆ ಎಂಬುದೇ.

ಇನ್ನು ಸ್ಪಂಜಿನ ದಪ್ಪ. ಇದು ರಬ್ಬರಿನ ಹೆಸರಿಗಿಂತಲೂ ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ. ಒಂದೇ ಹೆಸರಿನ ರಬ್ಬರ್ 1.5, 1.8, 2.0 ಮಿಲಿಮೀಟರ್ ಮತ್ತು ಮ್ಯಾಕ್ಸ್ ಎಂಬ ದಪ್ಪಗಳಲ್ಲಿ ಸಿಗುತ್ತದೆ. ದಪ್ಪ ಸ್ಪಂಜು ಚೆಂಡನ್ನು ಒಳಕ್ಕೆ ತೆಗೆದುಕೊಂಡು ಕವಣೆಯಂತೆ ಹೊರಕ್ಕೆಸೆಯುತ್ತದೆ. ನೀವು ಏನೂ ಮಾಡದಿದ್ದರೂ ಎಸೆಯುತ್ತದೆ. ತೆಳು ಸ್ಪಂಜಿನಲ್ಲಿ ಚೆಂಡು ಬೇಗನೆ ಮರವನ್ನು ಮುಟ್ಟಿ ಹಿಂದಿರುಗುತ್ತದೆ, ಎಸೆತ ಕಡಿಮೆ. ಶಾಂತ ಬ್ಲಾಕಿಗೆ 1.5, ಬ್ಲಾಕಿನೊಂದಿಗೆ ಆಗಾಗ ಹೊಡೆಯುವವರಿಗೆ 1.8. ಬ್ಲಾಕ್ ಬದಿಗೆ 2.0ಕ್ಕಿಂತ ಹೆಚ್ಚು ಹಾಕಬೇಡಿ. ಈಗಿರುವ ಬ್ಯಾಟಿನಲ್ಲಿ ಬ್ಲಾಕುಗಳು ಉದ್ದಕ್ಕೆ ಹೊರಹೋಗುತ್ತಿದ್ದರೆ, ರಬ್ಬರಿನ ಕಂಪನಿ ಬದಲಿಸುವ ಮೊದಲು ಅದೇ ರಬ್ಬರನ್ನು ಒಂದು ಅಳತೆ ತೆಳುವಾಗಿ ಹಾಕಿಸಿ ನೋಡಿ. ಹೆಚ್ಚಿನವರ ತೊಂದರೆ ಅಲ್ಲಿಗೇ ಬಗೆಹರಿಯುತ್ತದೆ.

ಸ್ಪಂಜಿನ ಗಟ್ಟಿತನವನ್ನು ಡಿಗ್ರಿಗಳಲ್ಲಿ ಹೇಳುತ್ತಾರೆ. ಇಲ್ಲೊಂದು ಗೊಂದಲವಿದೆ: ಚೀನಾದ ಕಂಪನಿಗಳ ಅಳತೆಯೂ ಯುರೋಪಿನ ಕಂಪನಿಗಳ ಅಳತೆಯೂ ಒಂದೇ ಅಲ್ಲ. ಚೀನಾದ ಡಿಎಚ್‌ಎಸ್ ಹರಿಕೇನ್ 3 ರಬ್ಬರಿನ ಮೇಲೆ 39 ಅಥವಾ 40 ಡಿಗ್ರಿ ಎಂದಿದ್ದರೆ ಅದು ಮೆತ್ತಗಿದೆ ಎಂದು ಎಣಿಸಬೇಡಿ. ಯುರೋಪಿನ ಅಳತೆಯ 40ಕ್ಕಿಂತ ಅದು ಬಹಳ ಗಟ್ಟಿ. ಯುರೋಪಿನ ಅಳತೆಯಲ್ಲಿ 40ರಿಂದ 45ರ ನಡುವಿನದು ಬ್ಲಾಕಿಗೆ ಹಿತ. ಹರಿಕೇನ್‌ನಂಥ ಅಂಟು ಮೇಲ್ಮೈಯ ರಬ್ಬರುಗಳು ಸರ್ವಿಸ್ ಮಾಡಲೂ ಪುಶ್ ಮಾಡಲೂ (ಬ್ಯಾಕ್‌ಸ್ಪಿನ್ ಚೆಂಡನ್ನು ಬ್ಯಾಕ್‌ಸ್ಪಿನ್‌ನಿಂದಲೇ ಮೆಲ್ಲಗೆ ತಳ್ಳಿ ಮರಳಿಸಲೂ) ಚೆನ್ನ, ಆದರೆ ಕೈ ಆಡಿಸದೆ ಬ್ಲಾಕ್ ಮಾಡುವವರನ್ನು ಅವು ಕೈಬಿಡುತ್ತವೆ. ನಿಮ್ಮ ಫೋರ್‌ಹ್ಯಾಂಡಿನಲ್ಲಿ ಮುಗಿಸುವ ಲೂಪ್ ಇದ್ದರೆ ಆ ಬದಿಗೆ ಮಾತ್ರ ಹಾಕಿಸಿಕೊಳ್ಳಬಹುದು.

ಹಂತ 4: ಪಿಂಪಲ್ ಬೇಕೇ?

ಬ್ಲಾಕ್ ಎಂದೊಡನೆ ಲಾಂಗ್ ಪಿಂಪಲ್ ಎನ್ನುವ ರೂಢಿ ನಮ್ಮಲ್ಲಿ ಬೆಳೆದಿದೆ. ಅದಕ್ಕೆ ಕಾರಣಗಳೂ ಇವೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ಸಿಂಗಲ್ಸ್ ಚಿನ್ನ ಗೆದ್ದ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿನಲ್ಲಿ ಲಾಂಗ್ ಪಿಂಪಲ್ ಇಟ್ಟುಕೊಂಡು ಆಡಿದ್ದನ್ನು ದೇಶವೇ ನೋಡಿತು. 2024ರ ಫೆಬ್ರುವರಿಯಲ್ಲಿ ಬೂಸಾನ್‌ನ ವಿಶ್ವ ತಂಡ ಚಾಂಪಿಯನ್‌ಷಿಪ್‌ನಲ್ಲಿ ಐಹಿಕಾ ಮುಖರ್ಜಿ ಆಗಿನ ವಿಶ್ವದ ಮೊದಲ ಕ್ರಮಾಂಕದ ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದಾಗ ಅವರ ಬ್ಯಾಕ್‌ಹ್ಯಾಂಡಿನ ಆಂಟಿಸ್ಪಿನ್ ಎಂಬ ಹಿಡಿತವಿಲ್ಲದ ಜಾರು ರಬ್ಬರ್ ಎಲ್ಲೆಡೆ ಚರ್ಚೆಯಾಯಿತು. ಲಕ್ಸೆಂಬರ್ಗ್ ಪರ ಆಡುವ ನಿ ಶಿಯಾಲಿಯನ್ ತಮ್ಮ 61ನೆಯ ವಯಸ್ಸಿನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತು ಗೆದ್ದದ್ದು, ಟೇಬಲ್ಲಿಗೆ ಅಂಟಿಕೊಂಡು ಪಿಂಪಲ್‌ನಿಂದ ಬ್ಲಾಕ್ ಮಾಡುವ ಆಟದಿಂದಲೇ. ಆದರೆ ಇವರೆಲ್ಲರ ಗೆಲುವಿನ ಹಿಂದೆ ಇನ್ನೊಂದು ಬದಿಯ ನಯ ರಬ್ಬರಿನ ಹೊಡೆತವೂ ಪಾದಗಳ ಚಲನೆಯೂ ಇವೆ.

ಲಾಂಗ್ ಪಿಂಪಲ್ ಮಾಡುವ ಕೆಲಸ ಹೀಗಿದೆ. ಎದುರಾಳಿಯ ಟಾಪ್‌ಸ್ಪಿನ್ ಚೆಂಡು ತಾಗಿದಾಗ ಉದ್ದನೆಯ ಉಬ್ಬುಗಳು ಬಾಗಿ ಜಾರಿಕೊಳ್ಳುತ್ತವೆ, ಚೆಂಡನ್ನು ಹಿಡಿಯುವುದಿಲ್ಲ. ಚೆಂಡು ಹೋಗುವ ದಿಕ್ಕು ತಿರುಗಿತು, ಆದರೆ ತಿರುಗುವ ದಿಕ್ಕು ಮೊದಲಿನದೇ ಉಳಿಯಿತು. ಆದ್ದರಿಂದ ಎದುರಾಳಿಯ ಬಳಿಗೆ ಅದು ಬ್ಯಾಕ್‌ಸ್ಪಿನ್ ಆಗಿ ತಲುಪುತ್ತದೆ. ಅವನು ಎಷ್ಟು ಜೋರಾಗಿ ಲೂಪ್ ಹೊಡೆದನೋ ಅಷ್ಟೇ ಭಾರವಾದ ಬ್ಯಾಕ್‌ಸ್ಪಿನ್ ಅವನಿಗೆ ಸಿಗುತ್ತದೆ. ಅವನು ಬ್ಯಾಕ್‌ಸ್ಪಿನ್ ಪುಶ್ ಕೊಟ್ಟರೆ ಇದೇ ಕಾರಣಕ್ಕೆ ಅದು ಹಗುರ ಟಾಪ್‌ಸ್ಪಿನ್ ಆಗಿ ಅಥವಾ ಸ್ಪಿನ್ನೇ ಇಲ್ಲದೆ ಮರಳುತ್ತದೆ.

ಇದರ ದೌರ್ಬಲ್ಯವೂ ಇದೇ ವಿವರಣೆಯಲ್ಲಿದೆ. ಬಂದ ಸ್ಪಿನ್ನನ್ನು ಮರಳಿಸುವ ರಬ್ಬರಿಗೆ ಸ್ಪಿನ್ ಇಲ್ಲದ ಚೆಂಡು ಬಂದರೆ ಮರಳಿಸಲು ಏನೂ ಇರುವುದಿಲ್ಲ. ಅನುಭವಿ ಎದುರಾಳಿ ನಿಮ್ಮ ಪಿಂಪಲ್ ಬದಿಗೆ ನಿಧಾನವಾದ, ಸ್ಪಿನ್ ಇಲ್ಲದ ಚೆಂಡನ್ನೇ ಕೊಡುತ್ತ ಹೋಗುತ್ತಾನೆ. ಅದು ನಿಮ್ಮ ಬ್ಯಾಟಿನಿಂದ ತೇಲುತ್ತ ಎತ್ತರಕ್ಕೆ ಹೋಗುತ್ತದೆ, ಅವನು ಹೊಡೆದು ಮುಗಿಸುತ್ತಾನೆ. ಆಗ ನೀವು ಪಾದ ಸರಿಸಿ ಫೋರ್‌ಹ್ಯಾಂಡ್‌ಗೆ ಬರಬೇಕು, ಇಲ್ಲವೇ ಬ್ಯಾಟನ್ನು ಕೈಯಲ್ಲೇ ತಿರುಗಿಸಿ ನಯ ರಬ್ಬರಿನಿಂದ ಆಡಬೇಕು. ಈ ಎರಡರಲ್ಲಿ ಒಂದಾದರೂ ಬಾರದವರಿಗೆ ಲಾಂಗ್ ಪಿಂಪಲ್ ಮೊದಲ ತಿಂಗಳು ಗೆಲುವು ಕೊಡುತ್ತದೆ, ಆಮೇಲೆ ಕ್ಲಬ್ಬಿನವರೆಲ್ಲ ಅದರ ಗುಟ್ಟು ತಿಳಿದುಕೊಂಡುಬಿಡುತ್ತಾರೆ. ಎರಡು ವರ್ಷ ನಯ ರಬ್ಬರಿನಲ್ಲಿ ಬ್ಲಾಕ್ ಅಭ್ಯಾಸ ಮಾಡದ ಮಕ್ಕಳಿಗೆ ಲಾಂಗ್ ಪಿಂಪಲ್ ಹಾಕಿಸಬೇಡಿ ಎಂದು ಪೋಷಕರಲ್ಲಿ ನನ್ನ ಕಳಕಳಿಯ ವಿನಂತಿ.

ಹಾಕಿಸಲೇಬೇಕೆಂದು ತೀರ್ಮಾನಿಸಿದ್ದರೆ ಮುಂದಿನ ಪ್ರಶ್ನೆ ಸ್ಪಂಜು. ಸ್ಪಂಜೇ ಇಲ್ಲದ ಪಿಂಪಲ್ ಹಾಳೆಗೆ ಓಎಕ್ಸ್ ಎನ್ನುತ್ತಾರೆ. ಟೇಬಲ್ಲಿನ ಹತ್ತಿರ ನಿಂತು ಬ್ಲಾಕ್ ಮಾಡುವವರಿಗೆ ಓಎಕ್ಸ್ ಅತ್ಯಂತ ಸೂಕ್ತ: ಚೆಂಡು ಚಿಕ್ಕದಾಗಿ ಬೀಳುತ್ತದೆ, ಸ್ಪಿನ್ ತಿರುವುಮುರುವಾಗುವುದೂ ಸ್ಪಷ್ಟ. ಅರ್ಧ ಮಿಲಿಮೀಟರಿನಷ್ಟು ತೆಳು ಸ್ಪಂಜು ಇದ್ದರೆ ಹಿಡಿತ ತುಸು ಸುಲಭ, ಪಿಂಪಲ್‌ನಿಂದಲೇ ಒಮ್ಮೊಮ್ಮೆ ಹೊಡೆಯಲೂ ಆಗುತ್ತದೆ. ಒಂದು ಮಿಲಿಮೀಟರ್ ಮತ್ತು ಅದಕ್ಕಿಂತ ದಪ್ಪದವು ದೂರ ನಿಂತು ಚಾಪ್ ಮಾಡುವವರಿಗೆ. ಫ್ರೆಂಡ್‌ಷಿಪ್ 755, ಡಾವೇ 388ಡಿ ಇವು ಕಡಿಮೆ ಖರ್ಚಿನಲ್ಲಿ ಪ್ರಯೋಗ ಮಾಡಲು ಒಳ್ಳೆಯವು. ಟಿಬಾರ್ ಕಂಪನಿಯ ಗ್ರಾಸ್ ಡಿಟೆಕ್ಸ್ ಬಹಳ ಪರಿಣಾಮಕಾರಿ, ಆದರೆ ಪಳಗಿಸಲು ಕಷ್ಟ. ಮೊದಲ ಲಾಂಗ್ ಪಿಂಪಲ್ ಆಗಿ ಅದನ್ನು ನಾನು ಸೂಚಿಸುವುದಿಲ್ಲ.

ಶಾರ್ಟ್ ಪಿಂಪಲ್ ಬೇರೆಯೇ ಜಾತಿ. ಅದು ಸ್ಪಿನ್ನನ್ನು ತಿರುವುವುದಿಲ್ಲ, ಅದಕ್ಕೆ ಹೆಚ್ಚು ಕಿವಿಗೊಡುವುದೂ ಇಲ್ಲ. ಚೆಂಡು ಚಪ್ಪಟೆಯಾಗಿ, ವೇಗವಾಗಿ, ನೆಟ್ಟಿನಾಚೆ ಸ್ವಲ್ಪ ಮುಳುಗುವಂತೆ ಹೋಗುತ್ತದೆ. ಪಂಚ್ ಬ್ಲಾಕ್ ಆಡುವವರಿಗೆ ಇದು ಹೇಳಿ ಮಾಡಿಸಿದಂತಿದೆ; ಲಾಂಗ್ ಪಿಂಪಲ್ ಕೇಳಿ ಬರುವ ಅನೇಕರಿಗೆ ನಿಜಕ್ಕೂ ಬೇಕಾದದ್ದು ಇದೇ ಎಂದು ನನಗನ್ನಿಸಿದೆ. ಫ್ರೆಂಡ್‌ಷಿಪ್ 802, ನಿಟ್ಟಾಕು ಮೋರಿಸ್ಟೊ ಎಸ್‌ಪಿ ಇದರಲ್ಲಿ ಪರಿಚಿತ ಹೆಸರುಗಳು.

ಆಂಟಿಸ್ಪಿನ್ ಎಂದರೆ ನೋಡಲು ನಯ ರಬ್ಬರಿನಂತಿದ್ದು ಹಿಡಿತವೇ ಇಲ್ಲದಷ್ಟು ಜಾರುವ ರಬ್ಬರ್. ಪರಿಣಾಮ ಲಾಂಗ್ ಪಿಂಪಲ್‌ನದಕ್ಕೆ ಹತ್ತಿರ, ಆದರೆ ಚೆಂಡು ಇನ್ನೂ ನಿಧಾನ, ಉಬ್ಬುಗಳ ಬಾಗುವಿಕೆ ಇಲ್ಲದ್ದರಿಂದ ನಡತೆ ಹೆಚ್ಚು ಸಮನಾಗಿರುತ್ತದೆ.

ಹಂತ 5: ನಿಯಮಗಳನ್ನು ಕೊಳ್ಳುವ ಮೊದಲೇ ನೋಡಿ

ಜಿಲ್ಲಾ ಮಟ್ಟದ ಟೂರ್ನಿಯಲ್ಲಿ ಆಡುವ ಉದ್ದೇಶವಿದ್ದರೂ ಈ ಹಂತ ಬಿಡಬೇಡಿ. ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ, ಅಂದರೆ ಐಟಿಟಿಎಫ್, ಅನುಮತಿಸಿದ ರಬ್ಬರುಗಳ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ರಬ್ಬರಿನ ಮೇಲೆ ಹಿಡಿಯ ಹತ್ತಿರ ಕಂಪನಿಯ ಹೆಸರು, ರಬ್ಬರಿನ ಹೆಸರು, ಐಟಿಟಿಎಫ್ ಗುರುತು ಇರುತ್ತವೆ. ಕತ್ತರಿಸಿ ಅಂಟಿಸುವಾಗ ಆ ಭಾಗ ಕಾಣುವಂತೆ ಉಳಿಸಿಕೊಳ್ಳಿ.

ಬ್ಯಾಟಿನ ಒಂದು ಬದಿ ಕಪ್ಪಾಗಿರಬೇಕು. ಇನ್ನೊಂದು ಬದಿ ಬಹುಕಾಲ ಕೆಂಪೇ ಆಗಿರಬೇಕಿತ್ತು. 2021ರ ಅಕ್ಟೋಬರಿನಿಂದ ಗುಲಾಬಿ, ನೇರಳೆ, ಹಸಿರು, ನೀಲಿ ಬಣ್ಣಗಳಿಗೂ ಅವಕಾಶವಿದೆ. ಎರಡು ಬಣ್ಣದ ನಿಯಮ 1980ರ ದಶಕದಲ್ಲಿ ಬಂದದ್ದೇ ನಿಮ್ಮಂಥ ಆಟಗಾರರ ಕಾರಣಕ್ಕೆ: ಎರಡೂ ಬದಿ ಒಂದೇ ಬಣ್ಣವಿದ್ದಾಗ ಯಾವ ರಬ್ಬರಿನಿಂದ ಚೆಂಡು ಬಂತೆಂದು ಎದುರಾಳಿಗೆ ತಿಳಿಯುತ್ತಲೇ ಇರಲಿಲ್ಲ. ಇಂದಿಗೂ ಪಂದ್ಯಕ್ಕೆ ಮೊದಲು ಎದುರಾಳಿಗೂ ಅಂಪೈರಿಗೂ ಬ್ಯಾಟ್ ತೋರಿಸಬೇಕು. ಆಟದ ನಡುವೆ ಬ್ಯಾಟನ್ನು ಕೈಯಲ್ಲೇ ತಿರುಗಿಸುವುದಕ್ಕೆ ಅಡ್ಡಿಯಿಲ್ಲ.

ದಪ್ಪಕ್ಕೂ ಮಿತಿಯಿದೆ. ಸ್ಪಂಜಿರುವ ರಬ್ಬರ್ ಅಂಟೂ ಸೇರಿ 4 ಮಿಲಿಮೀಟರ್, ಸ್ಪಂಜಿಲ್ಲದ ಪಿಂಪಲ್ ಅಂಟೂ ಸೇರಿ 2 ಮಿಲಿಮೀಟರ್ ಮೀರಬಾರದು.

ಎಚ್ಚರಿಕೆ: ಘರ್ಷಣೆಯೇ ಇಲ್ಲದಂತೆ ಮಾಡಿದ ಲಾಂಗ್ ಪಿಂಪಲ್‌ಗಳು 2008ರ ಜುಲೈನಿಂದ ನಿಷಿದ್ಧ. ಹಳೆಯ ಸರಕನ್ನು ಯಾರಾದರೂ ಬಳಸಿದ ಬ್ಯಾಟಿನೊಂದಿಗೆ ಮಾರುತ್ತಿದ್ದರೆ ರಬ್ಬರಿನ ಹೆಸರು ಈಗಿನ ಪಟ್ಟಿಯಲ್ಲಿದೆಯೇ ನೋಡಿ. ಪಿಂಪಲ್ ಹಾಳೆಯನ್ನು ಬಿಸಿಲಿಗಿಟ್ಟು ಅಥವಾ ರಾಸಾಯನಿಕ ಹಚ್ಚಿ ಇನ್ನಷ್ಟು ಜಾರುವಂತೆ ಮಾಡುವುದೂ ನಿಯಮಬಾಹಿರ. ಯಾರು ಹೇಳಿಕೊಟ್ಟರೂ ಮಾಡಬೇಡಿ.

ಹಂತ 6: ತೂಕ ಮತ್ತು ಹಿಡಿ

ಬ್ಲಾಕ್ ಆಡುವವರ ಬ್ಯಾಟ್ ಫೋರ್‌ಹ್ಯಾಂಡಿನಿಂದ ಬ್ಯಾಕ್‌ಹ್ಯಾಂಡಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಳಬೇಕು. ಸುಮಾರು 85 ಗ್ರಾಂ ಬ್ಲೇಡಿಗೆ ಎರಡೂ ಬದಿ ಮಧ್ಯಮ ನಯ ರಬ್ಬರ್ ಹಾಕಿದರೆ ಒಟ್ಟು ತೂಕ 170ರಿಂದ 180 ಗ್ರಾಂನ ಆಸುಪಾಸು ಬರುತ್ತದೆ, ಅದು ಹಿತವಾದ ತೂಕ. ಅದಕ್ಕಿಂತ ಬಹಳ ಭಾರವಾದರೆ ಮೂರನೆಯ ಗೇಮಿನ ಹೊತ್ತಿಗೆ ಮಣಿಕಟ್ಟು ತಡವಾಗಿ ಬರುತ್ತದೆ. ಒಂದು ಬದಿಗೆ ಓಎಕ್ಸ್ ಹಾಕಿದರೆ ಬ್ಯಾಟ್ ಗಣನೀಯವಾಗಿ ಹಗುರವಾಗುತ್ತದೆ. ಆಗ ತುಸು ಭಾರದ ಬ್ಲೇಡ್ ತೆಗೆದುಕೊಳ್ಳಬಹುದು. ತೀರಾ ಹಗುರವಾದ ಬ್ಯಾಟನ್ನು ಭಾರೀ ಲೂಪ್ ಹಿಂದಕ್ಕೆ ತಳ್ಳುತ್ತದೆ.

ಹಿಡಿಯಲ್ಲಿ ಎರಡು ಮುಖ್ಯ ಬಗೆ: ತುದಿಯತ್ತ ಅಗಲವಾಗುವ ಎಫ್‌ಎಲ್, ಉದ್ದಕ್ಕೂ ಒಂದೇ ಅಗಲವಿರುವ ಎಸ್‌ಟಿ. ಬ್ಯಾಟನ್ನು ಆಟದ ನಡುವೆ ತಿರುಗಿಸುವವರಿಗೆ ಎಸ್‌ಟಿ ಸುಲಭ. ಉಳಿದವರು ಕೈಗೆ ಹಿತವೆನಿಸಿದ್ದನ್ನು ತೆಗೆದುಕೊಳ್ಳಲಿ.

ಹಂತ 7: ಅಂಟಿಸುವುದು

ನೀರಿನ ಆಧಾರದ ಟೇಬಲ್ ಟೆನಿಸ್ ಅಂಟನ್ನೇ ಬಳಸಿ. ಸೈಕಲ್ ಪಂಚರಿಗೆ ಹಾಕುವ ಸಲ್ಯೂಷನ್ ಅಗ್ಗವೆಂದು ಬಳಸುವ ರೂಢಿ ಇನ್ನೂ ಇದೆ. ಅದರಲ್ಲಿ ಆವಿಯಾಗುವ ದ್ರಾವಕಗಳಿರುವುದರಿಂದ 2008ರ ನಂತರದ ನಿಯಮಗಳಿಗೆ ಅದು ಹೊಂದುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ಉಸಿರಿಗೂ ಕೆಟ್ಟದ್ದು. ಸ್ಪಂಜಿಗೂ ಬ್ಲೇಡಿಗೂ ತೆಳುವಾಗಿ ಅಂಟು ಹಚ್ಚಿ, ಬಿಳಿಯ ಅಂಟು ಪೂರ್ತಿ ಪಾರದರ್ಶಕವಾಗುವವರೆಗೆ ಕಾಯಿರಿ. ಮಳೆಗಾಲದ ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಇದಕ್ಕೆ ಬೇಸಗೆಯಲ್ಲಿ ಹಿಡಿಯುವುದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು; ಅವಸರಪಟ್ಟರೆ ಒಳಗೆ ತೇವ ಉಳಿದು ಅಂಚು ಏಳುತ್ತದೆ. ನಂತರ ಹಿಡಿಯ ಕಡೆಯಿಂದ ಶುರುಮಾಡಿ, ಎಳೆಯದೆ, ಗಾಳಿಗುಳ್ಳೆ ನಿಲ್ಲದಂತೆ ಮೇಲಕ್ಕೆ ಒತ್ತುತ್ತ ಹೋಗಿ. ಓಎಕ್ಸ್ ಹಾಳೆ ತೆಳುವಾದ್ದರಿಂದ ಮೊದಲ ಸಲ ಅಂಗಡಿಯವರಿಂದಲೇ ಹಾಕಿಸಿ. ಎಳೆದು ಅಂಟಿಸಿದ ಪಿಂಪಲ್ ಹಾಳೆಯ ಉಬ್ಬುಗಳ ಅಂತರ ಕೆಟ್ಟು ಅದರ ನಡತೆಯೇ ಬದಲಾಗುತ್ತದೆ.

ಹಂತ 8: ಪರೀಕ್ಷಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಹೊಸ ಬ್ಯಾಟನ್ನು ಮೊದಲ ದಿನವೇ ಪಂದ್ಯದಲ್ಲಿ ಅಳೆಯಬೇಡಿ. ಜೊತೆಗಾರರೊಬ್ಬರಿಗೆ ನಿಮ್ಮ ಬ್ಯಾಕ್‌ಹ್ಯಾಂಡಿಗೆ ಐವತ್ತು ಲೂಪ್ ಕೊಡಲು ಹೇಳಿ, ಬ್ಲಾಕುಗಳಲ್ಲಿ ಎಷ್ಟು ನೆಟ್ಟಿಗೆ ಬಿದ್ದವು, ಎಷ್ಟು ಉದ್ದಕ್ಕೆ ಹೊರಹೋದವು ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಆಮೇಲೆ ನಿಧಾನ ಲೂಪ್ ಒಂದು, ವೇಗದ್ದು ಒಂದು ಎಂದು ಬೆರೆಸಿ ಕೊಡಲು ಹೇಳಿ ಇನ್ನೊಮ್ಮೆ ಎಣಿಸಿ. ಕೊನೆಗೆ ಸ್ಪಿನ್ ಇಲ್ಲದ ನಿಧಾನ ಚೆಂಡುಗಳು. ಪಿಂಪಲ್ ಹಾಕಿದವರು ಈ ಮೂರನೆಯದನ್ನು ಖಂಡಿತ ಬಿಡಬಾರದು.

ಬಹುಪಾಲು ಉದ್ದಕ್ಕೆ ಹೋಗುತ್ತಿದ್ದರೆ ಸ್ಪಂಜು ದಪ್ಪವಾಯಿತು ಅಥವಾ ಬ್ಲೇಡ್ ವೇಗದ್ದಾಯಿತು. ಬಹುಪಾಲು ನೆಟ್ಟಿಗೆ ಬೀಳುತ್ತಿದ್ದರೆ ಬ್ಯಾಟ್ ನಿಧಾನವಾಗಿರಬಹುದು, ಆದರೆ ಅದಕ್ಕೆ ಮೊದಲು ಹಳೆಯ ಬ್ಯಾಟಿನ ರೂಢಿಯಿಂದ ಮುಖವನ್ನು ಅತಿಯಾಗಿ ಬಾಗಿಸುತ್ತಿದ್ದೀರಾ ಎಂದು ನೋಡಿಕೊಳ್ಳಿ. ವೇಗದ ಬ್ಯಾಟಿನಿಂದ ನಿಧಾನದ್ದಕ್ಕೆ ಬಂದ ಎಲ್ಲರಿಗೂ ಮೊದಲ ವಾರ ಹೀಗಾಗುತ್ತದೆ. ಎರಡೂ ಸಮವಾಗಿ ಹಂಚಿಹೋಗಿದ್ದರೆ ತೊಂದರೆ ಬ್ಯಾಟಿನದಲ್ಲ, ಅಭ್ಯಾಸದ್ದು. ಬ್ಲೇಡ್, ಎರಡು ರಬ್ಬರ್ ಮೂರನ್ನೂ ಒಟ್ಟಿಗೆ ಬದಲಿಸಿದವರಿಗೆ ಯಾವುದು ಒಳ್ಳೆಯದು ಮಾಡಿತು, ಯಾವುದು ಕೆಡಿಸಿತು ಎಂದು ಎಂದಿಗೂ ತಿಳಿಯುವುದಿಲ್ಲ. ಪ್ರತಿ ಬದಲಾವಣೆಗೆ ಒಂದು ತಿಂಗಳಾದರೂ ಕೊಡಿ.

ಆಟ ಮುಗಿದ ಮೇಲೆ ನಯ ರಬ್ಬರನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಒಣಗಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿಡಿ. ಕರಾವಳಿಯ ತೇವದಲ್ಲಿ ರಬ್ಬರಿನ ಮೇಲೆ ನೀರಿನ ಪಸೆ ಕೂತು ಚೆಂಡು ಜಾರುವುದರಿಂದ ಜೇಬಿನಲ್ಲಿ ಒಣ ಬಟ್ಟೆ ಇರಲಿ. ಕಲಬುರಗಿ, ರಾಯಚೂರಿನ ಕಡೆಯವರು ಬೇಸಗೆಯಲ್ಲಿ ಬ್ಯಾಟನ್ನು ಕಾರಿನೊಳಗೆ ಬಿಡಬೇಡಿ. ಲಾಂಗ್ ಪಿಂಪಲ್‌ನ ಉಬ್ಬುಗಳ ಬುಡವನ್ನು ತಿಂಗಳಿಗೊಮ್ಮೆ ಬಾಗಿಸಿ ನೋಡಿ. ಒಂದೆರಡು ಉಬ್ಬು ಮುರಿದಿದ್ದರೂ, ವಿಶೇಷವಾಗಿ ಚೆಂಡು ಹೆಚ್ಚು ತಾಗುವ ನಡುಭಾಗದಲ್ಲಿ ಮುರಿದಿದ್ದರೆ, ಆ ಹಾಳೆಯನ್ನು ಬದಲಿಸಿ, ಮತ್ತು ಬದಲಿಸುವಾಗ ಅದೇ ಹೆಸರಿನ, ಅದೇ ದಪ್ಪದ ಹಾಳೆಯನ್ನೇ ಕೇಳಿ ತನ್ನಿ.